ನಮ್ಮ ಫಿಯಾಟಿನ ಎಂಜಿನ್ ಮೂರನೇ ಸಲ ಕೆಳಗ ಇಳೀತು

ಹೋದ ತಿಂಗಳ ಕಿತ್ತೂರಿಂದ ಧಾರವಾಡಕ್ಕ ಹೊಳ್ಳಿ ಬರೋ ಮುಂದ, ಹಿಂದಿನ ಲಾರಿಯವ ಎರಡ ಸಲ ಹಾರ್ನ್ ಹೊಡದು, ನಮ್ಮ ಬಾಜೂಕ ಬಂದು, ಕೈ ಹೊರಗ ಹಾಕಿ ಹಿಂದ ನೋಡ್ರಿ ಅಂತ ತೋರಿಸಿ ಹೋದ. ನಾ ಹೊಳ್ಳಿ ನೋಡಿದ್ರ ರಸ್ತೆ ತುಂಬ ನೀಲಿ ಹೊಗಿ. ನಮ್ಮ ಮನಿಯವರು ಮಾತ್ರ ಏನೂ ಆಗೇ ಇಲ್ಲ ಅನ್ನೋರಂಗ "ಸ್ವಲ್ಪ ಎಣ್ಣಿ ಸುಡಲಿಕತ್ತದ" ಅಂದ್ರು. ಸ್ವಲ್ಪ ಅಂದ್ರ ಎಷ್ಟು ಅಂತ ನಂಗ ಗೊತ್ತದ. ಯಾಕಂದ್ರ ಎಂಜಿನ್ ಆಯಿಲ್ ಡಬ್ಬಿ ತಂದ ರೊಕ್ಕಾನೂ ನನ್ನ ಕಿರಾಣಿ ಲೆಕ್ಕದ ವಹಿಯೊಳಗನ ಬರೀತೀನಿ. ಮೊದಲ ಎರಡ ತಿಂಗಳಿಗೆ ಒಂದ ಲೀಟರ್ ಇತ್ತು, ಈಗ ಹದಿನೈದ ದಿವಸಕ್ಕ ಒಂದ. ನಮ್ಮನಿಯೊಳಗ ಒಗ್ಗರಣಿಗೂ ಇಷ್ಟ ಎಣ್ಣಿ ಹೋಗೂದಿಲ್ಲ.

ಮನಿಗೆ ಬಂದ ಮ್ಯಾಲ ಮಗ ಫೋನಿನಾಗ ಒಂದ ಮಾತಿನಾಗ ಮುಗಿಸಿದ. "ಅಮ್ಮಾ, ಗುಜರಿಗೆ ಹಾಕ್ರಿ, 22 ಸಾವಿರ ಕೊಡ್ತಾರಂತ. ಎಂಜಿನ್ ಮಾಡ್ಸೋದಕ್ಕ 70 ಸಾವಿರ ಬೇಕು. ಇದರಾಗ ವಿಚಾರ ಮಾಡೋದೇನದ?" ಲೆಕ್ಕ ಅಂವ ಹೇಳಿದ್ದ ಖರೇನ. ಆದ್ರ ಅವತ್ತ ಸಂಜಿಮುಂದ ಅತ್ತಿಯವರು ಪಡಸಾಲಿಯೊಳಗ ಕೂತು ಎಲ್ಲಾ ಕೇಳಿಸ್ಕೊಂಡು, ಮಾವನವರ ಡೈರಿ ಇಟ್ಟ ಟ್ರಂಕು ತಗೀರಿ ಅಂದ್ರು. ಆ ಡೈರಿ ಓದಿದ ಮ್ಯಾಲೇನ ನಾನು ಇದನ್ನ ಬರೀಲಿಕ್ಕೆ ಕೂತದ್ದು. ನಿಮ್ಮಲ್ಲೆ ಎಷ್ಟೋ ಮಂದಿ ಈ ಗಾಡಿಯೊಳಗ ಕೂತು ಮದುವಿಗೆ, ಬಾಣಂತನಕ್ಕ, ದವಾಖಾನಿಗೆ ಹೋದೋರಿದ್ದೀರಿ. ಅದರ ಹೊಟ್ಟಿಯೊಳಗಿನ ಕತಿ ನಿಮಗೂ ಗೊತ್ತಾಗಲಿ.

ನಮ್ಮ ಗಾಡಿ 1977ರ ಪ್ರೀಮಿಯರ್ ಪದ್ಮಿನಿ. ಹೆಸರು ಪದ್ಮಿನಿ ಆದ್ರೂ ನಮ್ಮ ಕಡೆ ಯಾರೂ ಹಂಗ ಅನ್ನಲಿಲ್ಲ, ಫಿಯಾಟ್ ಅಂತನ ಅಂದ್ರು. ಅದಕ್ಕ ಕಾರಣನೂ ಅದ. ಇಟಲಿಯ ಫಿಯಾಟ್ ಕಂಪನಿಯ 1100 ಅನ್ನೋ ಗಾಡೀನ ಮುಂಬೈಯ ಕುರ್ಲಾದಾಗ ಪ್ರೀಮಿಯರ್ ಕಂಪನಿಯವರು 1954ರ ಸುಮಾರಿಗೆ ಜೋಡಸಲಿಕ್ಕೆ ಶುರು ಮಾಡಿದ್ರು. 1964ರಾಗ ಅದರ ಹೊಸಾ ರೂಪ ಫಿಯಾಟ್ 1100 ಡಿಲೈಟ್ ಅಂತ ಬಂತು. ಇಟಲಿಯವರ ಕರಾರು ಮುಗದ ಮ್ಯಾಲ ಮೊದಲ ಪ್ರೀಮಿಯರ್ ಪ್ರೆಸಿಡೆಂಟ್ ಅಂದ್ರು, 1974ರಿಂದ ಚಿತ್ತೋಡಿನ ರಾಣಿ ಹೆಸರಿಲೆ ಪದ್ಮಿನಿ ಅಂದ್ರು. ಹೆಸರಷ್ಟ ಬದಲಾತು, ಗಾಡಿ ಅದ. ಇಟಲಿಯೊಳಗ ಈ ಗಾಡಿ ಅರವತ್ತರ ದಶಕದ ಕಡೀಗೇ ನಿಂತು ಹೋತು, ನಮ್ಮಲ್ಲೆ 2000ದ ಆಸುಪಾಸಿನ ತನಕ ತಯಾರಾಗಕೋತನ ಇತ್ತು. ತವರಮನಿಯೊಳಗ ಮರತ ಹುಡುಗಿ ಅತ್ತಿಮನಿಯೊಳಗ ಮೂವತ್ತ ವರ್ಷ ಸಂಸಾರ ಮಾಡಿದ್ಹಂಗ.

ಈ ಕಂಪನಿ ಕಟ್ಟಿದ ವಾಲಚಂದ ಹೀರಾಚಂದರು ನಮ್ಮ ಮಗ್ಗಲಿನ ಸೊಲ್ಲಾಪುರದೋರು. ಇವರು ಮೋಟಾರ್ ಕಾರ್ಖಾನಿ ಹಾಕೋದಕ್ಕಿಂತ ಮೊದಲ, ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರಿಗೆ ಈ ದೇಶದಾಗ ಕಾರ್ ತಯಾರಾಗಬೇಕು ಅನ್ನೋ ಹಂಬಲ ಹತ್ತಿತ್ತು. 1935ರಾಗ ಅವರು ಇದಕ್ಕಂತನ ಯುರೋಪ್, ಅಮೇರಿಕಾ ತಿರಗ್ಯಾಡಿ ಬಂದು ಯೋಜನಾ ಬರದ್ರು. ಆವಾಗ ಅವರಿಗೆ ಎಪ್ಪತ್ತರ ಮ್ಯಾಲ ವಯಸ್ಸು. ವಾಲಚಂದರು ಆ ಯೋಜನಾದ ಬೆನ್ನ ಹತ್ತಿದ್ರು. ಬ್ರಿಟಿಷ್ ಸರ್ಕಾರ ಬೆಂಬಲ ಕೊಡಲಿಲ್ಲ. ನಡುವ ವಾಲಚಂದರು 1940ರಾಗ ಮೈಸೂರು ಸಂಸ್ಥಾನದ ಜೋಡಿ ಬೆಂಗಳೂರಾಗ ವಿಮಾನ ಕಾರ್ಖಾನಿ ಹಾಕಿದ್ರು, ಈಗಿನ ಎಚ್‌ಎಎಲ್ ಅದರಿಂದನ ಬಂದದ್ದು. ಕಾರ್ ಕಂಪನಿ ಮಾತ್ರ 1944ಕ್ಕ ಹುಟ್ಟಿತು, ಅದೂ ಮುಂಬೈಯೊಳಗ. ಬೆಂಗಳೂರಿಗೆ ಬಂದಿದ್ರ ನಮ್ಮ ಮಾವನವರು ಪಿಸ್ಟನ್ ಸಲವಾಗಿ ಮಿರಜದಾಗ ನಡುರಾತ್ರಿ ಗಾಡಿ ಬದಲಿ ಮಾಡೋ ತ್ರಾಸ ತಪ್ಪತಿತ್ತೋ ಏನೋ. ಆ ಸುದ್ದಿ ಮುಂದ ಬರತದ.

ಈಗ ಮುಖ್ಯ ಮಾತಿಗೆ ಬರೋಣ. ಆಗಿನ ಕಾಲದಾಗ ಗಾಡಿ ಹಳೇದಾತಂದ್ರ ಯಾಕ ಬದಲಿ ಮಾಡ್ತಿದ್ದಿಲ್ಲ? ಮಂದಿ ಜಿಪುಣರಿದ್ರು ಅಂತಲ್ಲ. 1953ರಾಗ ಸರ್ಕಾರ ಒಂದ ಠರಾವು ಮಾಡ್ತು. ಬಿಡಿಭಾಗ ಹೊರಗಿಂದ ತಂದು ಇಲ್ಲೆ ಬರೇ ಜೋಡಿಸಿ ಮಾರೋರು ಬ್ಯಾಡ, ಇಲ್ಲೇ ತಯಾರು ಮಾಡೋ ಕಾರ್ಯಕ್ರಮ ಇದ್ದೋರಷ್ಟ ಇರ್ರಿ ಅಂತ. ಫೋರ್ಡ್, ಜನರಲ್ ಮೋಟರ್ಸ್‌ನಂಥಾ ದೊಡ್ಡ ಕಂಪನಿಗೋಳು ಗಂಟು ಮೂಟಿ ಕಟಗೊಂಡು ಹೋದ್ವು. ಉಳದದ್ದು ಮುಖ್ಯವಾಗಿ ಮೂರ ಕಾರು: ಕಲಕತ್ತಾ ಹತ್ರದ ಉತ್ತರಪಾರಾದ ಅಂಬಾಸಿಡರ್, ಮುಂಬೈಯ ಫಿಯಾಟ್, ಮದ್ರಾಸಿನ ಸ್ಟ್ಯಾಂಡರ್ಡ್. ಎಷ್ಟ ಗಾಡಿ ತಯಾರ ಮಾಡಬೇಕು ಅನ್ನೋದಕ್ಕೂ ಲೈಸೆನ್ಸ್ ಬೇಕು. ಹಿಂಗಾಗಿ ರೊಕ್ಕ ಕಟ್ಟಿ ಹೆಸರು ಹಚ್ಚಿದ್ರೂ ವರ್ಷಗಟ್ಟಲೆ ಪಾಳಿ. ಹೊಸಾ ಗಾಡಿ ಸಿಗದ ಮ್ಯಾಲ ಹಳೇ ಗಾಡಿಗೆ ಬೆಲಿ ಇಳಿಯೂದ ಹೆಂಗ? ನಮ್ಮ ಮಾವನವರು 1983ರಾಗ ಆರ ವರ್ಷದ ಹಳೇ ಗಾಡೀನ 31 ಸಾವಿರ ಕೊಟ್ಟು ತಗೊಂಡ್ರು. ಡೈರಿಯೊಳಗ ಆ ಆಕಡಾದ ಕೆಳಗ ಎರಡ ಗೆರಿ ಎಳದಾರ.

ಅಂದ್ರ ಕಾರು ಅನ್ನೋದು ಒಂದ ಸಲ ಮನಿಗೆ ಬಂತಂದ್ರ ಎಮ್ಮಿ ಹಂಗ, ಬಾವಿ ಹಂಗ. ಕೆಟ್ಟರ ರಿಪೇರಿ, ಮತ್ತ ಕೆಟ್ಟರ ಮತ್ತ ರಿಪೇರಿ.

ರಿಪೇರಿ ಮಾಡಲಿಕ್ಕೆ ಬರೋಹಂಗ ಆ ಎಂಜಿನ್ ಇತ್ತು ಅನ್ನೋದೂ ಅಷ್ಟ ಮುಖ್ಯ. ಇದನ್ನ ನಂಗ ತಿಳಿಸಿ ಹೇಳಿದ್ದು ನಮ್ಮ ಮಿಸ್ತ್ರಿ ಚಾಚಾ. ಎಂಜಿನ್ ಅಂದ್ರ ಒಂದ ದಪ್ಪ ಕಬ್ಬಿಣದ ಗಟ್ಟಿ, ಅದರಾಗ ನಾಕ ಉರುಟು ತೂತು. ಒಂದೊಂದು ತೂತು 68 ಮಿಲಿಮೀಟರ್ ಅಗಲ, ಅಂದ್ರ ನಮ್ಮ ಸಣ್ಣ ಪಂಚಪಾತ್ರಿ ಬಾಯಿಯಷ್ಟು. ಪಿಸ್ಟನ್ ಅದರೊಳಗ 75 ಮಿಲಿಮೀಟರ್ ಮ್ಯಾಲ ಕೆಳಗ ಓಡ್ಯಾಡತದ. ನಾಕೂ ಕೂಡಿ ಲೆಕ್ಕ ಹಾಕಿದ್ರ 1089 ಸಿಸಿ. ಪಿಸ್ಟನ್ನಿಗೆ ಸುತ್ತಲೂ ರಿಂಗ್ ತೊಡಿಸಿರ್ತಾರ, "ಬಳಿ ಇದ್ಹಂಗ್ರಿ ಬೇಟಿ" ಅಂತಿದ್ರು ಚಾಚಾ. ಆ ಬಳಿ ಎರಡ ಕೆಲಸ ಮಾಡ್ತಾವ: ಮ್ಯಾಲಿನ ಬೆಂಕಿ ಕೆಳಗ ಬರಗೊಡೂದಿಲ್ಲ, ಕೆಳಗಿನ ಎಣ್ಣಿ ಮ್ಯಾಲ ಹೋಗಗೊಡೂದಿಲ್ಲ. ಲಕ್ಷಗಟ್ಟಲೆ ಕಿಲೋಮೀಟರ್ ಓಡಿದ ಮ್ಯಾಲ ಬಳೀನೂ ಸವೀತಾವ, ತೂತಿನ ಗ್ವಾಡೀನೂ ಸವೀತದ. ಸವಿಯೋದೂ ಸರೀಗೆ ಉರುಟಾಗಿ ಅಲ್ಲ, ಮ್ಯಾಲಿನ ಅಂಚಿನ ಹತ್ರ ಹೆಚ್ಚ, ಕೆಳಗ ಕಡಿಮಿ. ಆವಾಗ ಎಣ್ಣಿ ಮ್ಯಾಲ ಏರಿ ಪೆಟ್ರೋಲ್ ಜೋಡಿ ಸುಡತದ. ಅದ ನೀಲಿ ಹೊಗಿ.

ಕಪ್ಪ ಹೊಗಿ ಬಂದ್ರ ಅಂಜಬ್ಯಾಡ್ರಿ, ಅದು ಕಾರ್ಬೊರೇಟರ್ ಪೆಟ್ರೋಲ್ ಹೆಚ್ಚ ಕುಡಿಸಲಿಕತ್ತದ ಅಂತ. ಮುಂಜಾನೆ ಥಂಡಿಯೊಳಗ ಸ್ವಲ್ಪ ಬಿಳಿ ಉಗಿ ಬಂದ್ರೂ ನಡೀತದ. ಎಂಜಿನ್ ಕಾದ ಮ್ಯಾಲೂ ಬಿಳಿ ಉಗಿ ನಿಲ್ಲಲಿಲ್ಲಂದ್ರ ಮಾತ್ರ ನೀರು ಒಳಗ ಹೊಂಟದ ಅಂತ ತಿಳೀಬೇಕು. ನೀಲಿ ಅಂದ್ರ ರಿಂಗು, ಇಲ್ಲಾ ವಾಲ್ವಿನ ಬಾಜೂಕಿಂದ ಎಣ್ಣಿ ಇಳೀಲಿಕತ್ತದ. ಯಾವದು ಅಂತ ಕಂಡುಹಿಡೀಲಿಕ್ಕೆ ಚಾಚಾನ ಕಡೆ ಒಂದ ಗೇಜ್ ಇತ್ತು. ಪ್ಲಗ್ ತಗದ ತೂತಿನಾಗ ಅದನ್ನ ಹಚ್ಚಿ ಒತ್ತಡ ನೋಡೋದು. ಕಡಿಮಿ ಬಂತಂದ್ರ ಅದ ತೂತಿನಾಗ ಒಂದ ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತ ನೋಡೋದು. ಈಗ ಒತ್ತಡ ಏರಿತಂದ್ರ ರಿಂಗ್ ಸವದಾವ, ಯಾಕಂದ್ರ ಎಣ್ಣಿ ಆ ಸಂದಿ ಮುಚ್ಚತದ. ಏರಲಿಲ್ಲಂದ್ರ ವಾಲ್ವಿಂದು ತಕರಾರು. ಒಂದ ಚಮಚ ಎಣ್ಣಿಯೊಳಗ ರೋಗ ತಿಳಿಯೋ ಈ ಪರೀಕ್ಷಾ ನಂಗ ಭಾಳ ಸೇರತದ.

ರಿಂಗ್ ಒಂದ ಬದಲಿ ಮಾಡಿದ್ರ ಸಾಲಂಗಿಲ್ಲ. ಗ್ವಾಡಿ ಸೊಟ್ಟ ಆಗಿರತದಲ್ಲ, ಅದಕ್ಕ ಎಂಜಿನ್ ಕೆಳಗ ಇಳಿಸಿ, ಬ್ಲಾಕು ಲೇಥ್ ಅಂಗಡಿಗೆ ಒಯ್ದು, ತೂತನ್ನ ಒಂದಿಷ್ಟ ದೊಡ್ಡದು ಮಾಡಸಬೇಕು. ಇದಕ್ಕ ಬೋರ್ ಮಾಡಸೂದು ಅಂತಾರ. ತೂತು ದೊಡ್ಡದಾತು, ಹಿಂಗಾಗಿ ಪಿಸ್ಟನ್ನೂ ಹಿಂದಿನದಕ್ಕಿಂತ ಒಂದ ಕೂದಲೆಳಿ ದೊಡ್ಡದು ಬೇಕು. ಆ ದೊಡ್ಡ ಅಳತಿ ಪಿಸ್ಟನ್ ಪ್ಯಾಟಿಯೊಳಗ ಸಿಗತಿದ್ವು. ಕಂಪನಿಯವರಿಗೇ ಗೊತ್ತಿತ್ತು ಈ ಎಂಜಿನ್ ಒಂದ ಸಲ ಅಲ್ಲ, ಎರಡ ಮೂರ ಸಲ ಮರುಹುಟ್ಟು ಪಡೀತದ ಅಂತ. ಆದ್ರ ಅದಕ್ಕೂ ಮಿತಿ ಅದ. ಪ್ರತಿ ಸಲಾನೂ ಗ್ವಾಡಿ ತೆಳ್ಳಗಾಗಕೋತ ಹೋಗತದ. ಕಡೀಗೆ ಒಳಗ ಹೊಸಾ ಕೊಳವಿ ಒತ್ತಿ ಕೂಡಿಸಿ ಮತ್ತ ಮೊದಲಿನ ಅಳತಿಗೆ ತರಬೇಕು, ಅದಕ್ಕ ಸ್ಲೀವ್ ಅಂತಾರ.

ನಮ್ಮ ಭಾಗದಾಗ ಈ ಕೆಲಸಾ ಬಲ್ಲವರು ಕಡಿಮಿ ಇರಲಿಲ್ಲ. ಗುರ್ಲಹೊಸೂರಾಗ ಹುಟ್ಟಿದ ಲಕ್ಷ್ಮಣರಾವ ಕಿರ್ಲೋಸ್ಕರರು 1888ರಾಗ ಬೆಳಗಾವಿಯೊಳಗ ಸೈಕಲ್ ಅಂಗಡಿ ಇಟ್ಟವರು, ಮುಂದ ಮೇವು ಕತ್ತರಿಸೋ ಯಂತ್ರ, ಕಬ್ಬಿಣದ ನೇಗಿಲಾ ಮಾಡಿ 1910ಕ್ಕ ಕಿರ್ಲೋಸ್ಕರವಾಡಿಗೆ ಹೋದ್ರು. ಕೊಲ್ಲಾಪುರ, ಬೆಳಗಾವಿ ಕಡೆ ಎರಕದ ಭಟ್ಟಿ, ಲೇಥ್ ಅಂಗಡಿ ಬೆಳದ್ವು. ಹೊಲದ ಪಂಪಿಗೆ ಆಯಿಲ್ ಎಂಜಿನ್ ಬಂದ ಮ್ಯಾಲ ಹಳ್ಳಿಹಳ್ಳಿಗೆ ಎಂಜಿನ್ ಬಿಚ್ಚಿ ಕೂಡಸೋರು ಬೇಕಾದ್ರು. ನಮ್ಮ ಚಾಚಾನೂ ಹಂಗ. ಮೊದಲ ನವಲಗುಂದ ಕಡೆ ಪಂಪಸೆಟ್ ರಿಪೇರಿ ಮಾಡತಿದ್ರಂತ, ಆಮ್ಯಾಲ ಹುಬ್ಬಳ್ಳಿಯೊಳಗ ಕಾರಿನ ಕೆಲಸಾ ಕಲತ್ರು. ಸಾಲಿ ನಾಕನೇತ್ತೆ. ಆದ್ರ ಮೈಕ್ರೋಮೀಟರ್ ಹಿಡದು ಮಿಲಿಮೀಟರಿನ ನೂರನೇ ಪಾಲು ಓದತಿದ್ರು.

ಮೊದಲನೇ ಸಲ ಎಂಜಿನ್ ಇಳದದ್ದು 1986ರಾಗ. ನಾ ಮದುವ್ಯಾಗಿ ಬಂದ ಮರುವರ್ಷ. ನಮ್ಮ ಹಿತ್ತಲದ ಬೇವಿನ ಗಿಡಕ್ಕ ಚೈನ್ ಪುಲ್ಲಿ ಕಟ್ಟಿ ಎಂಜಿನ್ ಮ್ಯಾಲ ಎತ್ತಿದ್ರು. ಎತ್ತಿ ಹೊರಗ ತಗದ್ರೂ "ಇಳಿಸಿದ್ರು" ಅಂತನ ಯಾಕ ಅಂತಾರೋ ನಂಗ ಇವತ್ತಿಗೂ ತಿಳದಿಲ್ಲ. ಒಂದೊಂದ ಭಾಗ ಬಿಚ್ಚಿ ಪರಾತದಾಗ ಚಿಮಣಿ ಎಣ್ಣಿ ಹಾಕಿ ತೊಳೀತಿದ್ರು. ಪರಾತ ನಮ್ಮದ, ಹೋಳಿಗಿ ಹಿಟ್ಟು ನಾದೋದು. ಚಿಮಣಿ ಎಣ್ಣಿ ರೇಶನ್ನಿಂದು. ಆ ತಿಂಗಳ ಸ್ಟೋವ್ ಹಚ್ಚಲಿಕ್ಕೆ ಎಣ್ಣಿ ಇಲ್ಲದ ನಾನೂ ನಮ್ಮ ನೆಗೆಣ್ಣಿನೂ ಕಟಿಗಿ ಒಲಿ ಮುಂದ ಹೊಗಿ ಕುಡದ್ವಿ. ಎಂಜಿನ್ನಿನ ಹೊಗಿ ನಿಲ್ಲಲಿ ಅಂತ ನಮ್ಮ ಕಣ್ಣಿಗೆ ಹೊಗಿ! ವರಸಲಿಕ್ಕೆ ಅತ್ತಿಯವರ ಹಳೇ ಇಳಕಲ್ ಸೀರಿ ಹರದು ಕೊಟ್ಟಿವಿ. ಹತ್ತಿ ಅರಿವಿನ ಬೇಕು, ನೂಲಿನ ಎಳಿ ಬಿಡಬಾರದು ಅಂತ ಚಾಚಾ ಕಟ್ಟುನಿಟ್ಟ. ಒಂದ ಎಳಿ ಎಣ್ಣಿ ಹಾದಿಯೊಳಗ ಸಿಕ್ಕರ ಬೇರಿಂಗ್ ಸುಟ್ಟು ಹೋಗತದ.

ವಾಲ್ವ್ ಕೂಡಸೋದನ್ನ ನೋಡ್ಲಿಕ್ಕೆ ನಾನು ಮಜ್ಜಿಗಿ ಕಡಿಯೋದು ಬಿಟ್ಟು ಬಾಗಲದಾಗ ನಿಂತಿದ್ದೆ. ಒಂದ ಕಟಿಗಿಗೆ ರಬ್ಬರ್ ಬಟ್ಟಲಾ, ಅದು ವಾಲ್ವಿಗೆ ಅಂಟಿಕೊಳ್ಳತದ. ಕೆಳಗ ಉಸುಕಿನಂಥಾ ಪೇಸ್ಟ್ ಹಚ್ಚಿ, ಆ ಕಟಿಗೀನ ಎರಡೂ ಅಂಗೈ ನಡುವ ಹಿಡದು ಅತ್ತಾಗ ಇತ್ತಾಗ ತಿರುವೋದು. ಥೇಟ್ ಕಡಗೋಲು. "ನೀವೂ ಅದನ್ನ ಮಾಡ್ತೀರಿ, ನಾನೂ ಅದನ್ನ ಮಾಡ್ತೀನಿ, ನಿಮಗ ಬೆಣ್ಣಿ ಬರತದ, ನಂಗ ಮಸಿ" ಅಂತ ಚಾಚಾ ನಕ್ಕರು. ವಾಲ್ವೂ ಅದರ ಕುಂಡ್ರೋ ಜಾಗಾನೂ ಒಂದಕ್ಕೊಂದು ತಿಕ್ಕಿ ಸರೀಗೆ ಕೂಡೋ ತನಕಾ ತಿರುವಬೇಕು. ಎಂಟ ವಾಲ್ವಿಗೆ ಅರ್ಧ ದಿವಸ ಹೋತು.

ಪಿಸ್ಟನ್ ಹುಬ್ಬಳ್ಳಿಯೊಳಗ ಬೇಕಾದ ಅಳತಿಂದು ಸಿಗಲಿಲ್ಲ. ಮುಂಬೈಯೊಳಗ ಟ್ಯಾಕ್ಸಿ ಎಲ್ಲಾ ಇದ ಗಾಡಿ ಆಗಿದ್ದರಿಂದ ಅಲ್ಲೆ ಸಾಮಾನಿಗೆ ಬರ ಇದ್ದಿದ್ದಿಲ್ಲ. ಮಾವನವರು ಕೋರ್ಟಿಗೆ ಎರಡ ದಿವಸ ಸೂಟಿ ಹಾಕಿ ತಾವ ಹೋದ್ರು. ಆವಾಗ ನಮ್ಮ ಕಡೆ ಮೀಟರ್ ಗೇಜ್ ರೈಲು, ಮಿರಜದಾಗ ಇಳದು ದೊಡ್ಡ ಗಾಡಿ ಹತ್ತಬೇಕು. ಬರೋ ಮುಂದ ನಾಕ ಪಿಸ್ಟನ್ನನ್ನ ಧೋತರದಾಗ ಸುತ್ತಿ ತೊಡಿ ಮ್ಯಾಲ ಇಟಗೊಂಡು ಬಂದ್ರಂತ. ಹೊಸಾ ಮೊಮ್ಮಗನ್ನೂ ಅಷ್ಟ ಜ್ವಾಕಿಲೆ ಎತಗೊಳ್ಳಲಿಲ್ಲ ಅಂತ ಅತ್ತಿಯವರು ಇವತ್ತಿಗೂ ಚಾಷ್ಟಿ ಮಾಡ್ತಾರ.

ಎಂಜಿನ್ ಕೂಡಿಸಿದ ಮ್ಯಾಲ ಸಾವಿರ ಕಿಲೋಮೀಟರ್ ತನಕ ನಲವತ್ತರ ಮ್ಯಾಲ ಓಡಸಂಗಿಲ್ಲ, ಘಾಟ್ ಹತ್ತಸಂಗಿಲ್ಲ, ತುಂಬ ಮಂದಿ ಹಾಕಂಗಿಲ್ಲ. ಹೊಸಾ ರಿಂಗೂ ಹೊಸಾ ಗ್ವಾಡೀನೂ ಒಂದಕ್ಕೊಂದು ಹೊಂದಿಕೊಳ್ಳಬೇಕು. ಚಾಚಾ ಇದಕ್ಕ ಎಂಜಿನ್ನಿನ ಬಾಣಂತನ ಅಂತಿದ್ರು. ಆಮ್ಯಾಲ ಒಳಗಿನ ಎಣ್ಣಿ ಪೂರಾ ಚೆಲ್ಲಿ ಹೊಸದು ಹಾಕಿದ್ರು, ಆ ಎಣ್ಣಿಯೊಳಗ ಕಬ್ಬಿಣದ ಹುಡಿ ಮಿಣಿಮಿಣಿ ಅಂತಿತ್ತು.

ಎರಡನೇ ಸಲ ಇಳದದ್ದು 1998, ಅದು ನಮ್ಮ ತಪ್ಪಿನಿಂದ. ಕಾರವಾರಕ್ಕ ಮದುವಿಗೆ ಹೋಗಿ ಹೊಳ್ಳಿ ಬರೋ ಮುಂದ ಅರಬೈಲ್ ಘಾಟ್. ಏಪ್ರಿಲ್ ಬಿಸಲು, ಒಳಗ ಏಳ ಮಂದಿ, ಮ್ಯಾಲ ತೆಂಗಿನಕಾಯಿ ಚೀಲ. ಫಿಯಾಟ್ ಇದ್ದೋರಿಗೆಲ್ಲಾ ಗೊತ್ತದ, ಘಾಟಿನಾಗ ಪೆಟ್ರೋಲ್ ಪಂಪು ಕಾದು ಒಳಗಿನ ಪೆಟ್ರೋಲ್ ಉಗಿ ಆಗಿ ಗಾಡಿ ನಿಂತು ಬಿಡತಿತ್ತು. ಅದಕ್ಕ ಹಸೀ ಅರಿವಿ ಪಂಪಿನ ಮ್ಯಾಲ ಹಾಕಿ ಹತ್ತ ನಿಮಿಷ ಕೂಡಬೇಕು. ಅದನ್ನ ಮಾಡಿದ್ವಿ, ಎರಡ ಸಲ ಮಾಡಿದ್ವಿ. ರೇಡಿಯೇಟರ್ ನೀರು ಮಾತ್ರ ನೋಡಲಿಲ್ಲ. ಯಲ್ಲಾಪುರ ಮುಟ್ಟೋದ್ರಾಗ ಕಾಂಟಾ ಕೆಂಪ ಗೆರಿ ದಾಟಿ ಹೋಗಿತ್ತು. ನಮ್ಮ ಮನಿಯವರು "ಇನ್ನೇನ ಊರ ಬಂತಲ್ಲ" ಅಂತ ಹಂಗ ಓಡಿಸಿದ್ರು.

ಫಿಯಾಟಿನ ಬ್ಲಾಕ್ ಎರಕದ ಕಬ್ಬಿಣ, ಮ್ಯಾಲಿನ ಹೆಡ್ ಅಲ್ಯುಮಿನಿಯಂ. ಎರಡೂ ಕಾಯೋ ಮುಂದ ಒಂದ ಪ್ರಮಾಣದಾಗ ಹಿಗ್ಗೂದಿಲ್ಲ. ಅತೀ ಕಾದ್ರ ಅಲ್ಯುಮಿನಿಯಂ ಸೊಟ್ಟ ಆಗತದ, ನಡುವಿನ ಗ್ಯಾಸ್ಕೆಟ್ ಸುಡತದ. ಕುಕ್ಕರಿನ ಮುಚ್ಚಳ ಬಗ್ಗಿದ್ರ ಹೊಸಾ ರಬ್ಬರ್ ಹಾಕಿದ್ರೂ ಶಿಟ್ಟಿ ಆಗೂದಿಲ್ಲ ನೋಡ್ರಿ, ಹಂಗ. ಮರುದಿವಸ ಎಣ್ಣಿ ಹಾಕೋ ಮುಚ್ಚಳಾ ತಗದ್ರ ಕೆನಿ ಹಂಗ ಬೆಳ್ಳಗಿಂದು ಅಂಟಿತ್ತು, ಎಣ್ಣಿ ಎಲ್ಲಾ ಹಾಲಿನ ಚಹಾದ ಬಣ್ಣ. ನೀರು ಎಣ್ಣಿಯೊಳಗ ಕೂಡಿ ಬೇರಿಂಗೂ ಹಾಳಾಗಿದ್ವು. ಹೆಡ್ ತಿಕ್ಕಿಸಿ ಮಟ್ಟಸ ಮಾಡ್ಸಿದ್ವಿ, ಬೋರ್ ಮತ್ತೊಂದ ಅಳತಿ ಏರಿತು, ಕ್ರ್ಯಾಂಕ್ ಗ್ರೈಂಡಿಂಗಿಗೆ ಬೆಳಗಾವಿ ಉದ್ಯಮಬಾಗಕ್ಕ ಹೋತು.

ಆದ್ರ 1986ಕ್ಕೂ 1998ಕ್ಕೂ ನಡುವ ಜಗತ್ತು ಬದಲಾಗಿತ್ತು. 1983ರ ಡಿಸೆಂಬರ್ 14ಕ್ಕ ಇಂದಿರಾ ಗಾಂಧಿ ಕೈಯಿಂದ ಮೊದಲನೇ ಮಾರುತಿ 800ರ ಚಾವಿ ಕೊಟ್ಟಿದ್ರಲ್ಲ, ಹದಿನೈದ ವರ್ಷದಾಗ ನಮ್ಮ ಓಣಿಯೊಳಗ ಆರ ಮಾರುತಿ ನಿಂತಿದ್ವು. ಮೂರ ಸಿಲಿಂಡರ್, 796 ಸಿಸಿ, ಮುಂಜಾನೆ ಚಾವಿ ತಿರುವಿದ ಕೂಡಲೇ ಚಾಲೂ. ಅವರ ಮನಿಯೊಳಗ ಪರಾತ ಯಾವತ್ತೂ ಹಿಟ್ಟು ನಾದಲಿಕ್ಕೇ ಇತ್ತು. ನಂಗ ಖರೇ ಹೇಳಬೇಕಂದ್ರ ಹೊಟ್ಟಿಕಿಚ್ಚು ಆಗಿತ್ತು. 2000ದ ಹೊತ್ತಿಗೆ ಹೊಗಿ ನಿಯಮ ಬಿಗಿ ಆಗಿ, ಹೊಸಾ ಗಾಡಿಯೊಳಗ ಕಾರ್ಬೊರೇಟರ್ ಹೋಗಿ ಕಂಪ್ಯೂಟರಿನಿಂದ ಪೆಟ್ರೋಲ್ ಸಿಂಪಡಿಸೋ ವ್ಯವಸ್ಥಾ ಬಂತು. ಕಿವಿಗೊಟ್ಟು ರೋಗ ಹೇಳೋ ಚಾಚಾನಂಥೋರಿಗೆ ಕೆಲಸಾ ಕಡಿಮಿ ಆತು. ಅವರ ಮಗ ಮೊಬೈಲ್ ಅಂಗಡಿ ಹಾಕ್ಯಾನ. ಚಾಚಾ ಹೋಗಿ ಎಂಟ ವರ್ಷ ಆತು. ಮುಂಬೈಯೊಳಗೂ ಕರಿ-ಹಳದಿ ಫಿಯಾಟ್ ಟ್ಯಾಕ್ಸಿ 2023ರ ಅಕ್ಟೋಬರಿಗೆ ಪೂರಾ ನಿಂತ್ವು. ಅಲ್ಲೆ ಟ್ಯಾಕ್ಸಿಗೆ ಇಪ್ಪತ್ತ ವರ್ಷದ ಮಿತಿ, ಕಡೇ ಪದ್ಮಿನಿ ಟ್ಯಾಕ್ಸಿ ನೋಂದಣಿ ಆದದ್ದು 2003ರ ಅಕ್ಟೋಬರ್. ಟ್ಯಾಕ್ಸಿ ಹೋದ್ವಂದ್ರ ಅವನ್ನ ನಂಬಿದ ಬಿಡಿಭಾಗದ ಅಂಗಡೀನೂ ಒಂದೊಂದ ಹೋಗತಾವ.

ಸರ್ಕಾರನೂ ಹಳೇ ಗಾಡಿ ಬ್ಯಾಡ ಅಂತನ ಹೇಳಲಿಕತ್ತದ. ದಿಲ್ಲಿ ಹಂಗ ನಮ್ಮಲ್ಲೆ ಹದಿನೈದ ವರ್ಷಕ್ಕ ಬಂದ್ ಅಂತಿಲ್ಲ, ಐದ ವರ್ಷಕ್ಕೊಮ್ಮೆ ಆರ್‌ಸಿ ನವೀಕರಣ ಮಾಡಸಬೇಕು. ಆ ಫೀ 600 ರೂಪಾಯಿ ಇದ್ದದ್ದು 2022ರ ಏಪ್ರಿಲ್ 1ರಿಂದ 5000 ಆತು. ನಮ್ಮದು ಆ ವರ್ಷನ ಬಂದಿತ್ತು, ಅನುಭವಿಸಿದ್ವಿ. ಹಸಿರು ತೆರಿಗಿ ಬ್ಯಾರೆ. ಈಗ ಪೆಟ್ರೋಲಿನಾಗ ನೂರಕ್ಕ ಇಪ್ಪತ್ತ ಪಾಲು ಎಥೆನಾಲ್ ಕೂಡಸಲಿಕತ್ತಾರ. ಹಳೇ ಗಾಡಿಯ ರಬ್ಬರ್ ಪೈಪು, ವಾಶರ್ ಇದಕ್ಕಂತ ಮಾಡಿದ್ದಲ್ಲ, ಮೆತ್ತಗಾಗಿ ಬಿರಿತಾವ. ಹೋದ ವರ್ಷ ಪೆಟ್ರೋಲ್ ವಾಸನಿ ಬರಲಿಕತ್ತದ ಅಂತ ನಾನ ಮೊದಲ ಹೇಳಿದ್ದು, ಯಾರೂ ಕಿವಿ ಮ್ಯಾಲ ಹಾಕೊಳ್ಳಲಿಲ್ಲ. ಆಮ್ಯಾಲ ನೋಡಿದ್ರ ಪೈಪು ಬೆವರಿತ್ತು. ಹಳೇ ಗಾಡಿ ಇದ್ದೋರು ಇದೊಂದ ಮಾತ್ರ ತಪ್ಪದ ನೋಡ್ರಿ, ಇದು ರೊಕ್ಕದ ಮಾತಲ್ಲ, ಬೆಂಕಿ ಮಾತು.

ಈಗ ಆ ಡೈರಿ ಸುದ್ದಿ. ಮಾವನವರು ವಕೀಲರು, ಕಾಗದ ಪತ್ರ ಅಂದ್ರ ಜೀವ. ಯಾವ ದಿವಸ ಯಾವ ಗ್ಯಾಸ್ಕೆಟ್, ಮೀಟರ್ ಎಷ್ಟು, ಎಲ್ಲಾ ಅದ. ನಮ್ಮ ಗಾಡಿ ಮೀಟರಿಗೆ ಐದ ಅಂಕಿ, 99,999 ಆದ ಮ್ಯಾಲ ಮತ್ತ ಸೊನ್ನಿ. ಹಂಗ ಎರಡ ಸಲ ತಿರಗ್ಯದ ಅನ್ನೋದು ಡೈರಿ ನೋಡೇನ ಗೊತ್ತಾದದ್ದು. 1986ರ ಪುಟದಾಗ ಎಂಜಿನ್ ಖರ್ಚು 4,150 ರೂಪಾಯಿ, ಕೆಳಗ ಸಣ್ಣ ಅಕ್ಷರದಾಗ "ಪಾಟ್ಲಿ ಒತ್ತಿ, 3,500" ಅಂತ. ಅತ್ತಿಯವರ ತವರಮನಿ ಪಾಟ್ಲಿ. 1987ರ ಯುಗಾದಿ ಪುಟದಾಗ "ಪಾಟ್ಲಿ ಬಿಡಸೂದು". 88ರಾಗ ಅದ. 89ರಾಗೂ ಅದ. 90ರ ಡೈರಿಯೊಳಗ ಹೊಸಾ ಬ್ಯಾಟರಿ ಅದ, ನಾಕ ಟೈರ್ ಅದ, ಪಾಟ್ಲಿ ಇಲ್ಲ.

ನಾ ಅತ್ತಿಯವರ ಮುಖಾ ನೋಡಿದೆ. "ಮುದ್ದತ್ತು ಮುಗದು ಲಿಲಾವ ಆತು" ಅಂದ್ರು, ಊಟದ ಹೊತ್ತಾತು ಅನ್ನೋ ಧ್ವನಿಯೊಳಗ. "ಟೈರ್ ತಂದ ದಿವಸ ಗಾಡಿಗೆ ನಿಂಬಿಹಣ್ಣು ಇಟ್ಟು ಆರತಿ ಮಾಡಿದ್ದೂ ನಾನ."

ಮೂವತ್ತೈದ ವರ್ಷ ನಮ್ಮ ಮನಿಯೊಳಗ ಮಾವನವರು ಗಾಡಿ ಎಷ್ಟ ಛಂದ ಇಟ್ಟಿದ್ರು ಅಂತನ ಮಾತಾಡೇವಿ. ಅವರು ಛಂದ ಇಟ್ಟದ್ದು ಖರೇ, ಅದರಾಗ ನಂಗೇನೂ ಸಂಶಯ ಇಲ್ಲ. ಆದ್ರ ಆ ಕಾಲದ ಕಾರಿನ ಇತಿಹಾಸ ಬರಿಯೋರು ಲೈಸೆನ್ಸು, ಪಾಳಿ, ಕಂಪನಿ ಅಂತ ಬರೀತಾರ, ಒಂದೊಂದ ಎಂಜಿನ್ ಮರುಹುಟ್ಟಿಗೆ ಯಾರ ಟ್ರಂಕಿನಿಂದ ಏನ ಹೋತು ಅಂತ ಎಲ್ಲೂ ಬರೆದಿರೂದಿಲ್ಲ. ಬ್ಯಾಂಕಿನವರು ಹಳೇ ಗಾಡಿ ಎಂಜಿನ್ನಿಗೆ ಸಾಲಾ ಕೊಡತಿದ್ದಿಲ್ಲ. ಬಂಗಾರ ಕೊಡತಿತ್ತು. ನಿಮ್ಮ ಮನಿಯೊಳಗೂ ಸ್ಕೂಟರೋ ಟ್ರ್ಯಾಕ್ಟರೋ ಇದ್ದಿದ್ರ ನಿಮ್ಮ ಅವ್ವನ್ನ, ಅತ್ತೀನ ಒಮ್ಮೆ ಕೇಳಿ ನೋಡ್ರಿ.

ಮರುದಿವಸ ಮಕ್ಕಳು ಮೂರೂ ಮಂದಿ ಫೋನಿನಾಗ ಕೂಡಿದ್ರು. ಒಬ್ಬಂವ ಗುಜರಿ ಅಂದ, ಒಬ್ಬಾಕಿ ಅಜ್ಜನ ನೆನಪು ಅಂದಳು, ನಮ್ಮ ಮನಿಯವರು ಸುಮ್ಮನ ಕೂತಿದ್ರು. ಅತ್ತಿಯವರು ಅಂದ್ರು, "ಮಾಡಸ್ರಿ, ನಾ ಬ್ಯಾಡ ಅನ್ನೂದಿಲ್ಲ. ಗಾಡಿಯೊಳಗ ನನ್ನ ಪಾಟ್ಲಿ ಅದ, ಅದನ್ನ ತೂಕಕ್ಕ ಮಾರಬ್ಯಾಡ್ರಿ. ಆದ್ರ ಈ ಸಲ ರೊಕ್ಕ ಯಾರದು ಅಂತ ಮೊದಲ ವಹಿಯೊಳಗ ಬರೀರಿ." ನಾನ ಬರದೆ. ನಮ್ಮ ಮನಿಯವರ ಪೆನ್ಶನ್ ಠೇವಣಿಯಿಂದ 50 ಸಾವಿರ, ಮಗಳು 20 ಸಾವಿರ. ನನ್ನ ಹೆಸರಿನ ಮುಂದ ಸೊನ್ನಿ, ಅದನ್ನ ಸ್ವಲ್ಪ ದೊಡ್ಡದಾಗೇ ಬರದೀನಿ.

ಈ ಸಲ ಬೋರ್ ಅಳತಿ ಮುಗದದ, ಸ್ಲೀವ್ ಹಾಕಬೇಕು. ಬ್ಲಾಕ್ ಬೆಳಗಾವಿಗೆ ಹೋಗ್ಯದ. ಚಾಚಾನ ಕಡೆ ಕೆಲಸಾ ಕಲತ ಒಬ್ಬ ಹುಡುಗ, ಹುಡುಗ ಅಂದ್ರ ಅವಗೂ ಐವತ್ತೈದು, ಕೂಡಿಸಿ ಕೊಡ್ತೀನಿ ಅಂದಾನ. ನವರಾತ್ರಿಯೊಳಗ ಖಂಡೆ ಪೂಜಾಕ್ಕ ಗಾಡಿ ಅಂಗಳದಾಗ ಇರಬೇಕು ಅಂತ ಅತ್ತಿಯವರ ಕರಾರು. ಅಂವ ಬಂದಾಗ ಕೇಳಿದ ಮೊದಲನೇ ಸಾಮಾನು ಹಳೇ ಹತ್ತಿ ಸೀರಿ. ನಾ ಟ್ರಂಕು, ಕಪಾಟು ಎಲ್ಲಾ ತಗದು ನೋಡಿದೆ, ಇದ್ದದ್ದೆಲ್ಲಾ ಪಾಲಿಸ್ಟರ್. ಅದು ಎಣ್ಣಿ ಹೀರೂದಿಲ್ಲ. ನಿಮ್ಮ ಯಾರ ಕಡೆಯರ ಹರಕ ಇಳಕಲ್ ಸೀರಿ, ಇಲ್ಲಾ ಹಳೇ ಧೋತರ ಇದ್ರ ಬರೋ ಶುಕ್ರವಾರದೊಳಗ ಕಳಸ್ರಿ. ಒಗದದ್ದ ಇರಲಿ, ಗಂಜಿ ಹಾಕಿದ್ದು ಬ್ಯಾಡ.